ತವರಿಗೆ ಹೋದ ತೊರಕೆ

ಕಡಲಜೀವಿ ಕಚೇರಿಯ ಐದನೇ ನಮೂನೆಯಲ್ಲಿ ಏಳನೇ ಕಲಂ ಅಂತ ಒಂದಿತ್ತು: ‘ಸಿಕ್ಕ ಸ್ಥಳ’. ಮೀನು ಕಡಲಿನ ಯಾವ ಭಾಗದಲ್ಲಿ ಬಲೆಗೆ ಬಿತ್ತು ಎಂದು ತಿಳಿಯುವುದು ಅದನ್ನು ಅಚ್ಚು ಹಾಕಿಸಿದ ಪುಣ್ಯಾತ್ಮರ ಉದ್ದೇಶವಾಗಿದ್ದಿರಬೇಕು. ಆದರೆ ಸರಕಾರಿ ಕಾಗದ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದು ನಂಬಿದ್ದ ಹಿಂದಿನ ಅಳತೆಗಾರರು, ತಮಗೆ ಮೀನು ಎಲ್ಲಿ ಸಿಕ್ಕಿತೋ ಅದನ್ನೇ ಬರೆದರು. ದೋಣಿಗಳು ಬಂದು ಮೀನು ಇಳಿಸುವ ಕಟ್ಟೆಯಾದರೆ ‘ಧಕ್ಕೆ, ಎರಡನೇ ಕಂಬದ ಬಳಿ.’ ‘ಐಸ್ ಪೆಟ್ಟಿಗೆ, ತಳದಲ್ಲಿ.’ ಒಮ್ಮೆ ರಜೆ ಹಾಕಿ ಭಾವನ ಮನೆಗೆ ಹೋದವರು, ಕಡಲಿನಿಂದ ಎಂಟು ಗಂಟೆ ದಾರಿಯ ಗುಡ್ಡದ ಪೇಟೆಯಲ್ಲಿ, ಕೆರೆ ದಂಡೆಯ ಮೀನಂಗಡಿಯಲ್ಲಿ, ಅಗಲ ರೆಕ್ಕೆಯ ಚಪ್ಪಟೆ ಕಡಲಮೀನೊಂದು, ಕೊಂಬಿನ ತೊರಕೆ, ಮಲಗಿದ್ದನ್ನು ಕಂಡರು. ರಜೆಯಲ್ಲೂ ಕರ್ತವ್ಯ ಮರೆಯದೆ ಟೇಪು ಹಿಡಿದು ಅಳೆದರು. ಏಳನೇ ಕಲಮಿನಲ್ಲಿ ‘ಗುಡ್ಡದ ಪೇಟೆ, ಕೆರೆ ದಂಡೆ’ ಎಂದು ದುಂಡಗೆ ಬರೆದು, ಸಹಿ ಹಾಕಿ, ಮರುತಿಂಗಳು ನಿವೃತ್ತರಾದರು.

ಅವರೇನೋ ನಿವೃತ್ತರಾದರು, ಕಾಗದ ಆಗಲಿಲ್ಲ. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹತ್ತುತ್ತಾ, ಹತ್ತಿದಲ್ಲೆಲ್ಲ ಒಂದೊಂದು ಮುದ್ರೆ ಹಾಕಿಸಿಕೊಳ್ಳುತ್ತಾ, ಕೊನೆಗೆ ದೊಡ್ಡ ಸಾಹೇಬರ ಮುಂದೆ ಬಂದು ಕೂತಿತು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಸಾಹೇಬರು ಒಂದು ಹೆಜ್ಜೆ ಮುಂದೆ ಹೋಗಿ ಕರುವಿಗೆ ಹೆಸರನ್ನೂ ಇಟ್ಟರು. ‘ಕಡಲ ತೊರಕೆಯ ಗಿರಿವಾಸ’ ಎಂಬ ನಲವತ್ತು ಪುಟಗಳ ಪ್ರಬಂಧ. ಉಪ್ಪುನೀರು ಬಿಟ್ಟು ಬದುಕಲಾರದ ಪ್ರಾಣಿ ಸಿಹಿನೀರಿನ ಕೆರೆಗೆ ಹೇಗೆ ಒಗ್ಗಿಕೊಂಡಿತು ಎಂಬುದಕ್ಕೆ ಹನ್ನೊಂದು ಪುಟ. ಅಷ್ಟೆತ್ತರ ಹೇಗೆ ಹತ್ತಿತು ಎಂಬುದಕ್ಕೆ ಒಂದೇ ಸಾಲು: ‘ಹೆಚ್ಚಿನ ಸಂಶೋಧನೆ ಅಗತ್ಯ’. ಅದಕ್ಕೊಂದು ಪದಕ ಬಂತು. ಕಚೇರಿಯ ಗೋಡೆಯ ದೊಡ್ಡ ನಕ್ಷೆಯಲ್ಲಿ, ಗುಡ್ಡಗಳ ನಟ್ಟನಡುವೆ, ಒಂದು ಕೆಂಪು ಚುಕ್ಕೆ ಬಿತ್ತು. ಅಂದಿನಿಂದ ಅವರು ಎದುರಿಗೆ ದೊಡ್ಡ ಸಾಹೇಬರು, ಬೆನ್ನಿಗೆ ಚುಕ್ಕೆ ಸಾಹೇಬರು.

ನಕ್ಷೆಯ ಮೇಲೆ ಚುಕ್ಕೆ ಇಡಲು ಒಬ್ಬರ ಸಹಿ ಸಾಕಿತ್ತು. ಇಟ್ಟ ಚುಕ್ಕೆ ಅಳಿಸಲು ಮೂವರ ಸಮಿತಿ ಕೂರಬೇಕಿತ್ತು. ಮೂವರಲ್ಲಿ ಒಬ್ಬರು ತೀರಿಹೋಗಿದ್ದರು, ಒಬ್ಬರನ್ನು ಇನ್ನೂ ನೇಮಿಸಿರಲಿಲ್ಲ, ಮೂರನೆಯವರು ಸ್ವತಃ ಸಾಹೇಬರು. ಹೀಗಾಗಿ ಆ ಕಚೇರಿಯ ಹುಟ್ಟಿನಿಂದ ಇವತ್ತಿನವರೆಗೆ ಒಂದು ಚುಕ್ಕೆಯೂ ಅಳಿದಿರಲಿಲ್ಲ. ನೊಣ ಹಾಕಿದ ಎರಡು ಚುಕ್ಕೆಗಳಿಗೂ ಕಡತ ಸಂಖ್ಯೆ ಇತ್ತು.

ಇಂಥ ಕಚೇರಿಯ ತೀರಾ ಕೆಳಗಿನ ಮೆಟ್ಟಿಲಲ್ಲಿ, ಕರೆದ ದಿನ ಬರುವ ಕೆಲಸದ ಮೇಲೆ, ನಮ್ಮ ಅಳತೆಯಕ್ಕ ಇದ್ದಳು. ಮನೆಯಲ್ಲಿ ಅವಳಿಗೆ ಇನ್ನೊಂದು ಹೆಸರಿತ್ತು. ಆದರೆ ಧಕ್ಕೆಯಲ್ಲಿ ದೋಣಿಯವರು, ಮೀನು ಕೊಯ್ಯುವವರು, ಐಸ್ ಒಡೆಯುವವರು ಎಲ್ಲ ಅಳತೆಯಕ್ಕ ಎಂದು ಕರೆದು ಕರೆದು, ಈಗ ಬೇರೆ ಹೆಸರಿನಲ್ಲಿ ಯಾರಾದರೂ ಕೂಗಿದರೆ ಅವಳೇ ಹಿಂತಿರುಗಿ ನೋಡುತ್ತಿರಲಿಲ್ಲ. ನಾಲ್ಕು ವರ್ಷದಿಂದ ಧಕ್ಕೆಗೆ ಬಂದು ಬಿದ್ದ ತೊರಕೆಗಳನ್ನೆಲ್ಲ ರೆಕ್ಕೆಯ ತುದಿಯಿಂದ ತುದಿಗೆ ಅಳೆದಿದ್ದಳು. ಕೊಯ್ಯುವವರ ಪಕ್ಕ ಕುಕ್ಕರಗಾಲಲ್ಲಿ ಕೂತು ಹೊಟ್ಟೆಯೊಳಗೆ ಏನಿದೆ ನೋಡಿದ್ದಳು. ಮರಿ ಹೊತ್ತ ಅರವತ್ತೊಂದು ತಾಯಂದಿರನ್ನು ಬರೆದಿಟ್ಟಿದ್ದಳು. ಅರವತ್ತೊಂದೂ ವರ್ಷವರ್ಷವೂ ಅದೇ ಮೂರು ತಿಂಗಳಲ್ಲಿ, ಆ ಒಂದೇ ಕೊಲ್ಲಿಯಲ್ಲಿ, ಹೊಳೆ ಬಂದು ಕಡಲಿಗೆ ಸೇರುವ ಬಾಯಿಯ ಎದುರು ಬಲೆಗೆ ಬಿದ್ದವು. ದೋಣಿಯವರನ್ನು ಕೇಳಿ ಕೇಳಿ, ಏಳನೇ ಕಲಮಿನಲ್ಲಿ ‘ಕೊಲ್ಲಿ, ಹೊಳೆಬಾಯಿಯ ಎದುರು’ ಎಂದೇ ಬರೆದಿದ್ದಳು.

ನಮೂನೆ ತಪಾಸಣೆ ಮಾಡುವ ನಕ್ಷೆಗಾರರು ಒಳ್ಳೆಯವರು, ಆದರೆ ಹೆದರುಪುಕ್ಕಲರು. ಈಗಂತೂ ನಿವೃತ್ತಿಗೆ ನಾಲ್ಕೇ ತಿಂಗಳಿತ್ತು.

“ನೀನು ಕೊಲ್ಲಿಯಲ್ಲಿ ಇದ್ದೆಯೇನಮ್ಮಾ?” ಎಂದು ಅವರು ಮೊದಲ ವರ್ಷವೇ ಕೇಳಿದ್ದರು.

“ಇಲ್ಲ ಸರ್. ದೋಣಿಯವರು ಇದ್ದರು.”

“ನಿನಗೆ ಮೀನು ಸಿಕ್ಕಿದ್ದೆಲ್ಲಿ?”

“ಧಕ್ಕೆಯಲ್ಲಿ.”

“ಮತ್ತೆ? ಹಿಂದಿನವರು ಹಾಗೇ ಬರೀತಿದ್ದರು.” ಎಂದು ಕೆಂಪು ಶಾಯಿಯಲ್ಲಿ ಕೊಲ್ಲಿಯನ್ನು ಹೊಡೆದುಹಾಕಿ, ಮೇಲೆ ‘ಧಕ್ಕೆ’ ಎಂದು ತಿದ್ದಿದರು. ಅರವತ್ತೊಂದು ಸಲವೂ ಹಾಗೇ. ಅದರಿಂದಾಗಿ, ಕಚೇರಿಯ ನಕ್ಷೆಯ ಪ್ರಕಾರ ಕೊಂಬಿನ ತೊರಕೆ ಈ ಭೂಮಂಡಲದಲ್ಲಿ ಎರಡೇ ಕಡೆ ವಾಸವಾಗಿತ್ತು. ಒಂದು, ಗುಡ್ಡದ ಕೆರೆ. ಇನ್ನೊಂದು, ಧಕ್ಕೆಯ ಸಿಮೆಂಟು ನೆಲ.

ಇಷ್ಟು ದಿನ ಇದು ನಗೆಯ ವಿಷಯವಾಗಿತ್ತು. ಈಗ ಆಗಿರಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ದೊಡ್ಡ ಎಳೆಬಲೆಯ ಬೋಟುಗಳಿಗೆ ಕೊಲ್ಲಿಯೊಳಗೆ ಬರಲು ಪರವಾನಗಿ ಸಿಗುವುದಿತ್ತು, ಸರಿಯಾಗಿ ತೊರಕೆಗಳು ಮರಿ ಹಾಕುವ ಕಾಲಕ್ಕೆ. ಅದನ್ನು ತಡೆಯುವ ವಸ್ತು ಜಗತ್ತಿನಲ್ಲಿ ಒಂದೇ: ಕಚೇರಿಯ ಹೊಸ ನಕ್ಷಾಪುಸ್ತಕದಲ್ಲಿ, ಕೊಲ್ಲಿಯ ಮೇಲೆ, ‘ಹೆರಿಗೆ ಗುರುತು’ ಎನ್ನುವ ಒಂದು ಹಸಿರು ವೃತ್ತ. ಆ ವೃತ್ತ ಬಿದ್ದರೆ ಮೂರು ತಿಂಗಳು ಕೊಲ್ಲಿಗೆ ಯಾವ ಬಲೆಯೂ ಇಳಿಯುವಂತಿರಲಿಲ್ಲ. ಪುಸ್ತಕ ಅಚ್ಚಿಗೆ ಹೋಗಲು ಎಂಟು ದಿನ ಉಳಿದಿತ್ತು.

ಅವತ್ತು ಬೆಳಿಗ್ಗೆ ಧಕ್ಕೆಗೆ ಬಂದದ್ದು ಭಾರಿ ತೊರಕೆ. ನಾಲ್ವರು ಎಳೆದು ತಂದು ಅಂಗಾತ ಹಾಕಿದರು. ರೆಕ್ಕೆಯಿಂದ ರೆಕ್ಕೆಗೆ ಇನ್ನೂರ ಮೂವತ್ತು ಸೆಂಟಿಮೀಟರ್. ಕೊಯ್ಯುವವನು ಚೂರಿ ಹಾಕುವ ಮೊದಲೇ ಮರಿ ತಾನಾಗಿ ಜಾರಿ ಹೊರಬಂತು, ರೆಕ್ಕೆಗಳನ್ನು ಸುತ್ತಿಟ್ಟ ಚಾಪೆಯ ಹಾಗೆ ಮೈಗೆ ಸುತ್ತಿಕೊಂಡು. ಬಲೆಗೆ ಬಿದ್ದ ದಿಗಿಲಿಗೆ ಹೀಗೆ ಕಾಲಕ್ಕೆ ಮೊದಲೇ ಹೆರಿಗೆಯಾಗುತ್ತದೆ. ಮರಿ ಒಮ್ಮೆ ರೆಕ್ಕೆ ಬಿಚ್ಚಿತು. ಸಿಮೆಂಟಿನ ಮೇಲೆ ಎರಡು ಸಲ ಬಡಿದು ಸುಮ್ಮನಾಯಿತು. ಅಳತೆಯಕ್ಕ ತೊಂಬತ್ತು ಎಂದು ಬರೆದುಕೊಂಡಳು. ಬರೆಯುವಾಗ ಅಂಕಿ ಸೊಟ್ಟಗಾಯಿತು.

ಅವಳ ಸೋದರತ್ತೆ ಆಚೆಗೆ ಬುಟ್ಟಿ ಇಟ್ಟುಕೊಂಡು ಬಂಗುಡೆ ಮಾರುತ್ತಿದ್ದವಳು ಎದ್ದು ಬಂದಳು. ಅಳತೆಯಕ್ಕನನ್ನು ಎಂಟನೇ ವಯಸ್ಸಿನಿಂದ ಸಾಕಿದವಳು ಈ ಅತ್ತೆ. ಅವಳ ನಾಲಿಗೆಗೆ ಇಡೀ ಧಕ್ಕೆಯಲ್ಲಿ ಜೋಡಿಯಿರಲಿಲ್ಲ.

“ಇದಕ್ಕೆ ನಿಮ್ಮ ಆಫೀಸಲ್ಲಿ ಏನಂತಾರೆ?”

“ದೆವ್ವದ ತೊರಕೆ ಅಂತಾರೆ ಅತ್ತೆ.”

“ದೆವ್ವ ಅಂತೆ ದೆವ್ವ! ಬಾಯಿ ನೋಡಿದರೆ ಬಾಗಿಲಿನಷ್ಟು, ತಿನ್ನೋದು ಕಣ್ಣಿಗೆ ಕಾಣದ ಸೀಗಡಿ ಪುಡಿ. ಆ ಕೊಂಬಾದರೂ ಕೊಂಬಾ? ಊಟದ ಹೊತ್ತಿಗೆ ಬಿಚ್ಚಿ ನೀರನ್ನ ಬಾಯಿಗೆ ತಿರುಗಿಸಿಕೊಳ್ಳೋ ಸೌಟು. ಯಾರನ್ನ ಕಚ್ಚಿತು, ಯಾರನ್ನ ಹಾಯಿತು? ಸೌಟು ಹಿಡಿದವರನ್ನೆಲ್ಲ ದೆವ್ವ ಅನ್ನೋ ಹಾಗಿದ್ದರೆ ನಾನು ನಲವತ್ತು ವರ್ಷದಿಂದ ದೆವ್ವ.”

“ಅದರಲ್ಲಿ ಅನುಮಾನ ಏನಿದೆ?” ಎಂದ ಕೊಯ್ಯುವವನು.

“ನೀನು ಚೂರಿ ಕಡೆ ನೋಡು, ಬೆರಳು ಹೋದೀತು.” ಅತ್ತೆ ಬಗ್ಗಿ ಮರಿಯ ಮೈ ಸವರಿದಳು. “ವರ್ಷವಿಡೀ ಹೊಟ್ಟೇಲಿ ಹಾಲೂಡಿಸಿ ಸಾಕಿ, ಹೆರೋದು ಒಂದೇ ಒಂದು. ಆಮೇಲೆ ಒಂದೆರಡು ವರ್ಷ ಸುಮ್ಮನಿರುತ್ತೆ. ನಮ್ಮ ಮನೇಲಿ ಈ ಬುದ್ಧಿ ಯಾರಿಗೂ ಬರಲಿಲ್ಲ.” ನಂತರ ಸೋದರಸೊಸೆಯ ಪುಸ್ತಕಕ್ಕೆ ಇಣುಕಿದಳು. “ಇದನ್ನ ಎಲ್ಲಿ ಸಿಕ್ಕಿತು ಅಂತ ಬರೀತಾರೆ?”

“ಧಕ್ಕೆ ಅಂತ.”

“ಅಂದರೆ ಇದು ಹೆರೋಕೆ ಕಾಲಲ್ಲಿ ನಡೆದು ಈ ಸಿಮೆಂಟಿಗೆ ಬಂತು ಅಂತ.”

“ನಾನು ಇವತ್ತು ಸಾಹೇಬರ ಹತ್ತಿರ ಹೋಗ್ತೀನಿ ಅತ್ತೆ. ವೃತ್ತ ಕೇಳ್ತೀನಿ.”

“ಹೋಗು. ಕೋಣನ ಮುಂದೆ ಕಿನ್ನರಿ ಬಾರಿಸಿದವಳು ಅಂತ ನಿನ್ನ ಹೆಸರೂ ಒಂದಿರಲಿ. ಕೈ ತೊಳಕೊಂಡು ಹೋಗು, ಮೀನಿನ ಆಫೀಸಲ್ಲಿ ಮೀನಿನ ವಾಸನೆ ಅಂದರೆ ಆಗಲ್ಲ.”

ಸಾಹೇಬರ ಕೋಣೆಯಲ್ಲಿ ಮೀನಿಗೆ ಸಂಬಂಧಪಟ್ಟದ್ದು ಎಂದರೆ ಮೇಜಿನ ಮೇಲಿನ ಗಾಜಿನ ಮೀನು ಒಂದೇ. ಅದರ ಬೆನ್ನ ಸೀಳಿನಲ್ಲಿ ಪೆನ್ನು ಸಿಕ್ಕಿಸಿದ್ದರು. ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಪದಕ. ಅಳತೆಯಕ್ಕ ಅರವತ್ತೊಂದು ನಮೂನೆಗಳ ಕಟ್ಟನ್ನು (ಬೆಳಗಿನದು ಇನ್ನೂ ತಪಾಸಣೆಗೆ ಹೋಗಿರಲಿಲ್ಲ) ಎದೆಗೆ ಅವಚಿಕೊಂಡು ನಿಂತಳು. ನಕ್ಷೆಗಾರರು ಬಾಗಿಲ ಬಳಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಹೊಸ್ತಿಲಿಗೆ ಅಂಟಿಕೊಂಡಿದ್ದರು.

“ನೋಡಮ್ಮಾ,” ಎಂದರು ಸಾಹೇಬರು, “ಕೊಲ್ಲಿಯಲ್ಲಿ ತೊರಕೆ ಇದೆ ಅನ್ನೋಕೆ ನಮ್ಮ ಹತ್ತಿರ ದಾಖಲೆ ಏನಿದೆ?”

“ಅರವತ್ತೊಂದು ನಮೂನೆ ಇದೆ ಸರ್.”

“ಎಲ್ಲದರಲ್ಲೂ ಧಕ್ಕೆ ಅಂತಿದೆ.”

“ಅದು ಇಲ್ಲಿ ತಿದ್ದಿದ್ದು ಸರ್. ಕೆಳಗೆ ಕೊಲ್ಲಿ ಅಂತ ಕಾಣುತ್ತೆ.”

“ತಿದ್ದಿದ ಮೇಲೆ ಕೆಳಗಿನದನ್ನ ನೋಡಬಾರದು. ತಿದ್ದೋದು ಮತ್ತೆ ಯಾಕೆ?”

“ಹಾಗಾದರೆ ಗುಡ್ಡದ ಕೆರೇದು, ಸರ್?”

“ಅದನ್ನ ಯಾರೂ ತಿದ್ದಿಲ್ಲ. ಅದಕ್ಕೇ ಅದು ಶುದ್ಧ ದಾಖಲೆ.”

ಇಷ್ಟು ಹೊತ್ತು ತಡೆದುಕೊಂಡಿದ್ದ ಮಾತು ಅಳತೆಯಕ್ಕನ ಬಾಯಿಂದ ಜಾರಿತು. “ಸರ್, ಅದು ಇಲ್ಲಿಂದಲೇ ಐಸ್ ಲಾರಿಯಲ್ಲಿ ಹೋಗಿದ್ದು. ಆ ಅಂಗಡಿಗೆ ವಾರಕ್ಕೆರಡು ಸಲ ಇಲ್ಲಿಂದಲೇ ಮೀನು ಹೋಗುತ್ತೆ.”

ಹೊಸ್ತಿಲಲ್ಲಿದ್ದ ನಕ್ಷೆಗಾರರು ಪೂರ್ತಿ ಹೊರಗಾದರು. ಸಾಹೇಬರು ಗಾಜಿನ ಮೀನಿನ ಬೆನ್ನಿಂದ ಪೆನ್ನು ಎಳೆದು, ಮುಚ್ಚಳ ತೆಗೆದು, ಮತ್ತೆ ಹಾಕಿದರು.

“ಲಾರಿ ಅಂತ ನಮೂನೆಯಲ್ಲಿ ಎಲ್ಲಿದೆ?”

ನಮೂನೆಯಲ್ಲಿ ಎಲ್ಲೂ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೇ ಕಾಲು ತೋರಿಸಿದರೆ, ಅದು ಬಾಲ ಎನ್ನುತ್ತಾರೆ.

ಅವಳು ಹೊರಡಲು ತಿರುಗಿದಾಗ ಸಾಹೇಬರೇ ಕರೆದರು. ದನಿ ಸ್ವಲ್ಪ ಕೆಳಗಿಳಿದಿತ್ತು. ಮೇಜಿನ ಮೇಲಿದ್ದ ಒಂದು ಪತ್ರವನ್ನು ಅವಳ ಕಡೆ ತಳ್ಳಿದರು. ದೂರದ ದೊಡ್ಡ ಸಂಸ್ಥೆಯೊಂದರಿಂದ ಇಬ್ಬರು ಪರಿಣತರು ಬುಧವಾರ ಬರುವವರಿದ್ದರು. ಗಿರಿವಾಸಿ ತೊರಕೆಯನ್ನು ಕಣ್ಣಾರೆ ನೋಡಬೇಕಂತೆ. ಕಚೇರಿಯ ಪುಸ್ತಕಕ್ಕೆ ಅವರ ಒಪ್ಪಿಗೆಯ ಸಹಿಯೂ ಬೇಕಿತ್ತು.

“ಮೂರು ವಾರದಿಂದ ಕೆರೆ ಜಾಲಾಡಿಸ್ತಿದ್ದೀನಿ. ಒಂದು ಸೈಕಲ್ಲು ಸಿಕ್ಕಿದೆ, ಒಂಟಿ ಬೂಟು ಸಿಕ್ಕಿದೆ. ತೊರಕೆ ಸಿಕ್ಕಿಲ್ಲ.” ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ನೀನು ಮೀನಿನವರ ನಡುವೆ ಬೆಳೆದವಳು. ಅದು ಈಗ ಯಾಕೆ ಕಾಣಿಸ್ತಿಲ್ಲ ಅನ್ನೋಕೆ ಒಂದು ಶಾಸ್ತ್ರೀಯ ಕಾರಣ ಹುಡುಕಿಕೊಂಡು ಬಾ.”

“ಕಾರಣ ಹೇಳಿದೆನಲ್ಲ ಸರ್.”

“ಶಾಸ್ತ್ರೀಯ ಅಂದೆ.”

ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತು ಬುಟ್ಟಿಯ ಹರಿದ ಅಂಚಿಗೆ ತಂತಿ ಸುತ್ತುತ್ತಿದ್ದಳು. ಎದುರು ಮನೆಯ ದರ್ಜಿಯ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಯಾರೋ ಹೊಸ ಗಿರಾಕಿ, ರವಿಕೆ ಬಟ್ಟೆ ಹಿಡಿದ ಹೆಂಗಸು, ಕಿಟಕಿಯಲ್ಲಿ ಇಣುಕಿ ಕೇಳುತ್ತಿದ್ದಳು: “ಮನೆಯವರಿಲ್ಲವಾ? ಅಳತೆ ಕೊಡಬೇಕಿತ್ತು.”

“ತವರಿಗೆ ಹೋಗಿದ್ದಾಳೆ,” ಎಂದ ದರ್ಜಿ.

“ಓ, ಹಾಗಾ. ಬರಲಿ ಬಿಡಿ.” ಹೆಂಗಸು ಹೊರಟುಹೋದಳು.

ಅತ್ತೆ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ತಿರುಚಿದಳು. “ಆರು ವರ್ಷದಿಂದ ತವರಿಗೆ ಹೋಗಿದ್ದಾಳೆ ಇವನ ಹೆಂಡತಿ. ಬಿಟ್ಟುಹೋದಳು ಅಂದಿದ್ದರೆ ಯಾಕೆ, ಯಾರ ಜೊತೆ, ನೀನೇನು ಮಾಡಿದೆ ಅಂತ ಸಾವಿರ ಪ್ರಶ್ನೆ. ತವರು ಅಂದುಬಿಡು, ಮರುಮಾತಿಲ್ಲ. ಯಾವಾಗ ಬರ್ತಾಳೆ ಅಂತ ಕೂಡ ಯಾರೂ ಕೇಳಲ್ಲ. ಜಾಣ.”

ಅಳತೆಯಕ್ಕ ಚಪ್ಪಲಿ ಬಿಡುತ್ತಿದ್ದವಳು ಒಂದನ್ನು ಕಾಲಲ್ಲೇ ಉಳಿಸಿಕೊಂಡು ನಿಂತಳು.

“ಅತ್ತೆ, ಕೆರೆಯ ತೊರಕೆ ತವರಿಗೆ ಹೋಗಿದ್ದರೆ?”

“ಯಾವ ಕೆರೆಯ ತೊರಕೆ?”

“ಇಲ್ಲದ್ದು. ಅದು ಹೆರಿಗೆಗೆ ತವರಿಗೆ ಬಂದಿದ್ದರೆ? ಕೊಲ್ಲಿಗೆ?”

ಅತ್ತೆ ಸೊಸೆಯನ್ನು ನೋಡಿದಳು. ನಗಲಿಲ್ಲ. ನಗು ಬಂದಾಗ ಅವಳು ಮೊದಲು ಗಂಭೀರವಾಗುತ್ತಿದ್ದಳು. “ಆ ಮನುಷ್ಯನಿಗೆ ಕೆರೆ ಉಳಿಯುತ್ತೆ. ನಿನಗೆ ಕೊಲ್ಲಿ ಸಿಗುತ್ತೆ.”

“ಆದರೆ ಸುಳ್ಳಾಗುತ್ತೆ ಅತ್ತೆ. ನಾಲ್ಕು ವರ್ಷದಲ್ಲಿ ಒಂದು ಸೆಂಟಿಮೀಟರ್ ಸುಳ್ಳು ಬರೆದವಳಲ್ಲ ನಾನು.”

“ಸುಳ್ಳು ಅವರದು, ಆಗಲೇ ಹುಟ್ಟಿ, ಬೆಳೆದು, ಪದಕ ತಗೊಂಡು ಗೋಡೆ ಹತ್ತಿದೆ. ನೀನು ಅದರ ಬಾಲಕ್ಕೆ ನಿನ್ನ ನಿಜ ಕಟ್ಟು. ಅದು ಓಡಿದ ಕಡೆ ಇದೂ ಓಡುತ್ತೆ.”

“ಓಡುವಾಗ ಮೈಯೆಲ್ಲ ಕೆಸರಾಗುತ್ತೆ.”

“ಹೌದು, ಆಗುತ್ತೆ,” ಎಂದಳು ಅತ್ತೆ. “ವೃತ್ತ ಬೇಕೋ, ಬಿಳಿ ಸೀರೆ ಬೇಕೋ, ನೀನೇ ನೋಡಿಕೋ. ಎರಡೂ ಕೊಡೋ ಅಂಗಡಿ ನನಗೆ ಗೊತ್ತಿಲ್ಲ.”

ಮಾರನೇ ದಿನ ಅಳತೆಯಕ್ಕ ಸಾಹೇಬರ ಮುಂದೆ ನಿಂತು, ನೆಲ ನೋಡುತ್ತಾ ಹೇಳಿದಳು. ಕೊಂಬಿನ ತೊರಕೆ ಮರಿ ಹಾಕಲು ಕೊಲ್ಲಿಗೇ ಬರುತ್ತದೆ. ಅದಕ್ಕೆ ಅರವತ್ತೊಂದು ನಮೂನೆ ಸಾಕ್ಷಿ. ಇದಿಷ್ಟು ನಿಜ. ಇನ್ನು ಮುಂದಿನದು. “ಸರ್, ಕೆರೆಯಲ್ಲಿ ಈಗ ಕಾಣಿಸ್ತಿಲ್ಲ ಅಂದರೆ... ಹೆರಿಗೆಗೆ ತವರಿಗೆ ಹೋಗಿರಬಹುದು ಅನ್ನೋಕೆ ಅಡ್ಡಿಯಿಲ್ಲ.”

‘ಅನ್ನೋಕೆ ಅಡ್ಡಿಯಿಲ್ಲ’ ಎಂಬ ಮಾತನ್ನು ಅವಳು ಬೆಳಗಿನವರೆಗೂ ಯೋಚಿಸಿ ಆರಿಸಿಕೊಂಡಿದ್ದಳು. ಅದು ‘ಹೌದು’ ಅಲ್ಲ. ‘ಅಲ್ಲ’ ಎಂದೂ ಅಲ್ಲ.

ಸಾಹೇಬರು ಮೊದಲು ಕಿಟಕಿ ನೋಡಿದರು, ಆಮೇಲೆ ಪದಕ ನೋಡಿದರು, ಆಮೇಲೆ ಎದ್ದು ನಿಂತರು. ಮುಖ ಅರಳುತ್ತಾ ಅರಳುತ್ತಾ ಕಿವಿಯವರೆಗೆ ಹೋಯಿತು.

“ಇದನ್ನೇ! ಇದನ್ನೇ ನಾನೂ ಯೋಚಿಸ್ತಿದ್ದೆ. ನಾಲಿಗೆ ತುದಿಯಲ್ಲಿತ್ತು. ಗಿರಿವಾಸಿ ತೊರಕೆಯ ಪ್ರಸವಕಾಲೀನ ಅವರೋಹಣ! ಕೆರೆ ಖಾಲಿ ಇರೋದೇ ಅದಕ್ಕೆ ಪುರಾವೆ. ಅಲ್ಲಿ ತೊರಕೆ ಕಂಡಿದ್ದರೆ ನನ್ನ ಸಿದ್ಧಾಂತ ಸುಳ್ಳಾಗ್ತಿತ್ತು. ಕಂಡಿಲ್ಲ! ಎಲ್ಲಿ ನಕ್ಷೆಗಾರರು?”

ನಕ್ಷೆಗಾರರು ಹೊಸ್ತಿಲು ದಾಟಿ ಒಳಗೆ ಬಂದರು. ಕೊಲ್ಲಿಯ ಮೇಲೆ ಹೆರಿಗೆ ಗುರುತು ಹಾಕಬೇಕು, ಕೆರೆಯಿಂದ ಕೊಲ್ಲಿಗೆ ಒಂದು ಬಾಣ ಎಳೆಯಬೇಕು ಎಂದು ಅಪ್ಪಣೆಯಾಯಿತು. ನಮೂನೆಗಳಲ್ಲಿ ಧಕ್ಕೆ ಅಂತಿದೆಯಲ್ಲ ಸರ್ ಎಂದು ಅವರು ತೊದಲಿದರು. “ತಿದ್ದಿದ್ದನ್ನು ತಿದ್ದಿ!” ಎಂದರು ಸಾಹೇಬರು.

ಮಧ್ಯಾಹ್ನವೆಲ್ಲ ನಕ್ಷೆಗಾರರು ತಾವೇ ಬರೆದ ‘ಧಕ್ಕೆ’ಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಕೂತರು. ಮೂವತ್ತರ ಹೊತ್ತಿಗೆ ಅವರ ಕೈಗೆ ಒಂದು ಲಯ ಬಂತು. ನಲವತ್ತರ ಹೊತ್ತಿಗೆ ಸಣ್ಣಗೆ ಗುನುಗತೊಡಗಿದರು. ಆಮೇಲೆ ಹಸಿರು ಶಾಯಿ ತೆಗೆದು, ಉಸಿರು ಬಿಗಿಹಿಡಿದು, ಕೊಲ್ಲಿಯ ಮೇಲೆ ವೃತ್ತ ಬರೆದರು. ಅಳತೆಯಕ್ಕ ಪಕ್ಕದಲ್ಲಿ ನಿಂತು ನೋಡಿದಳು. ಹೊಳೆಬಾಯಿಯ ಎದುರು, ಸರಿಯಾಗಿ ಅಲ್ಲೇ. ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ.

ನಂತರ ಬಾಣ. ಅದು ಕೆರೆಯಿಂದ ಹೊರಟು, ಎರಡು ಗುಡ್ಡ, ಒಂದು ಕಲ್ಲುಗಣಿ, ರೈಲುದಾರಿ, ಹೆಣ್ಣುಮಕ್ಕಳ ಕಾಲೇಜಿನ ಆಟದ ಮೈದಾನ ಎಲ್ಲವನ್ನೂ ದಾಟಿ, ವೃತ್ತದ ಅಂಚಿಗೆ ಬಂದು ಮೂಗು ತಾಗಿಸಿತು.

“ದಾರಿ ಸ್ವಲ್ಪ ಬಳಸಲಾ?” ಎಂದು ನಕ್ಷೆಗಾರರು ಕನಿಕರದಿಂದ ಕೇಳಿದರು. “ಬಸುರಿ ಬೇರೆ.”

ಬಾಣದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಧಾರ: ಧಕ್ಕೆಯ ಅಳತೆಗಾರ್ತಿ’ ಎಂದು ಬರೆಯಬೇಕು ಎಂಬುದೂ ಸಾಹೇಬರ ಅಪ್ಪಣೆಯೇ. ನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಅವಳ ಉಲ್ಲೇಖ ಆದದ್ದು ಅದೇ ಮೊದಲು. ಆದದ್ದು ವೃತ್ತದ ಕೆಳಗಲ್ಲ. ತಪ್ಪಾದರೆ ಯಾರ ಮೇಲೆ ಬೀಳಬೇಕೋ ಅವರ ಮೇಲೆ ಬೀಳುವ ಹಾಗೆ, ಸಾಹೇಬರು ಅಳೆದು ತೂಗಿ ಜಾಗ ನೋಡಿದ್ದರು.

ಬುಧವಾರ ಬಂದ ಪರಿಣತರಲ್ಲಿ ಒಬ್ಬರು ಉದ್ದನೆಯ ಗಂಡಸು, ಬಂದಾಗಿನಿಂದ ಫೋಟೋ ತೆಗೆಯುತ್ತಲೇ ಇದ್ದರು. ಇನ್ನೊಬ್ಬರು ವಯಸ್ಸಾದ ಹೆಂಗಸು, ನರೆಗೂದಲನ್ನು ಟೋಪಿಯೊಳಗೆ ತುರುಕಿಕೊಂಡಿದ್ದರು, ಮಾತು ಕಡಿಮೆ. ಕೆರೆ ಈಗ ಖಾಲಿಯೆಂದು ಹೇಳಿ, ಸಾಹೇಬರು ಅವರನ್ನು ನೇರ ಕೊಲ್ಲಿಗೇ ಕರೆತಂದರು. ಅತ್ತೆಯ ಮೈದುನನ ದೋಣಿಯಲ್ಲಿ ಹೊರಟದ್ದರಿಂದ ಅತ್ತೆಯೂ ಹತ್ತಿ ಕೂತಳು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಸಾಹೇಬರು ಕಡಲಜೀವಿ ಕಚೇರಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ದೋಣಿ ಹತ್ತಿದ್ದು ಅದೇ ಮೊದಲು. ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಗಿರಿವಾಸದ ಬಗ್ಗೆ ಕಣ್ಣು ಮುಚ್ಚಿಕೊಂಡೇ ವಿವರಿಸುತ್ತಿದ್ದರು.

ಹೊಳೆಬಾಯಿಯ ಎದುರು ಇಂಜಿನ್ ನಿಲ್ಲಿಸಿದರು. ನೀರಿನಡಿಯಲ್ಲಿ ಮೊದಲು ಒಂದು ಕಪ್ಪು ನೆರಳು, ಆಮೇಲೆ ಏಳೆಂಟು. ಕೊಂಬು ಬಿಚ್ಚಿ, ಬಾಯಿ ತೆರೆದು, ಅವು ಒಂದರ ಹಿಂದೊಂದು ದೋಣಿಯ ಕೆಳಗೆ ಹಾದುಹೋದವು. ಬೆನ್ನ ಮೇಲಿನ ಸಣ್ಣ ರೆಕ್ಕೆಯ ತುದಿಯ ಬಿಳಿ ಕೂಡ ಕಾಣುತ್ತಿತ್ತು.

ಉದ್ದನೆಯವರು ಕ್ಯಾಮೆರಾ ಕೆಳಗಿಳಿಸಿದರು. “ಅದ್ಭುತ! ಒಂದು ಪ್ರಶ್ನೆ. ಹೆರಿಗೆ ಮುಗಿಸಿ ಮೇಲೆ ಗುಡ್ಡಕ್ಕೆ ವಾಪಸು ಹೋಗೋದು ಹೇಗೆ?”

ಸಾಹೇಬರು ಒಂದು ಕಣ್ಣು ತೆರೆದು ಅಳತೆಯಕ್ಕನನ್ನು ನೋಡಿದರು. ನಿಜ ಹೇಳಿದರೆ ಬಾಣ ಬೀಳುತ್ತದೆ, ಬಾಣದ ಜೊತೆ ವೃತ್ತವೂ. ಸುಳ್ಳು ಹೇಳಲು ಬಾಯಿ ತೆರೆದಳು. ಬರಲಿಲ್ಲ.

“ಐಸ್ ಲಾರಿಯಲ್ಲಿ,” ಎಂದಳು ಅತ್ತೆ.

ಉದ್ದನೆಯವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಅವರು ನಕ್ಕಿದ್ದು ನೋಡಿ ಸಾಹೇಬರೂ ನಕ್ಕರು, ದೋಣಿ ಅಲುಗಾಡುವಷ್ಟು. “ನಮ್ಮ ಜನರ ಹಾಸ್ಯಪ್ರಜ್ಞೆ!” ಎಂದು ಕಣ್ಣೊರೆಸಿಕೊಂಡರು. “ವಾರಕ್ಕೆರಡು ಸಲ ಹೊರಡುತ್ತೆ,” ಎಂದು ಅತ್ತೆ ಸೇರಿಸಿದಳು. ಮತ್ತೂ ನಕ್ಕರು. ಹತ್ತೊಂಬತ್ತು ವರ್ಷದಲ್ಲಿ ಹೊರಗಿನವರ ಎದುರು ಆ ಕಚೇರಿಯ ನಿಜವನ್ನು ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದು ಅದೇ ಮೊದಲು. ಅದು ಚೆನ್ನಾಗಿ ರಂಜಿಸಿತು.

ಟೋಪಿಯ ಹೆಂಗಸು ಮಾತ್ರ ನಗಲಿಲ್ಲ. ಅಳತೆಯಕ್ಕನ ತೊಡೆಯ ಮೇಲಿದ್ದ ಕಟ್ಟನ್ನು ಕೈಚಾಚಿ ತೆಗೆದುಕೊಂಡು, ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿದರು. ಹೊಡೆದದ್ದರ ಕೆಳಗೆ ಹೊಡೆದದ್ದು, ಅದರ ಕೆಳಗೆ ಅವಳ ಅಕ್ಷರ. ಎಲ್ಲವನ್ನೂ ಓದಿ ಮುಗಿಸುವಷ್ಟರಲ್ಲಿ ದೋಣಿ ಧಕ್ಕೆಗೆ ಮರಳಿತ್ತು.

“ವೃತ್ತ ನಿನ್ನದು,” ಎಂದರು ಇಳಿಯುವಾಗ, ಅವಳಿಗೆ ಮಾತ್ರ ಕೇಳುವಂತೆ. “ಬಾಣ ಯಾರದು?”

ಅಳತೆಯಕ್ಕ ಕಟ್ಟನ್ನು ವಾಪಸು ತೆಗೆದುಕೊಂಡು ಹಾಳೆಗಳ ಅಂಚು ಸರಿಮಾಡಿದಳು.

“ಸರಿ ಬಿಡು. ನಮ್ಮ ಆಫೀಸಿನ ನಕ್ಷೆಯಲ್ಲಿ ಇಪ್ಪತ್ತು ವರ್ಷದಿಂದ ಒಂದು ತಿಮಿಂಗಿಲ ರೈಲು ನಿಲ್ದಾಣದಲ್ಲಿದೆ. ತೆಗೆಸೋಕೆ ಹೋಗಿ ನಾನು ಎರಡು ಬಡ್ತಿ ಕಳಕೊಂಡೆ.” ಪೆನ್ನು ತೆಗೆದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. “ವೃತ್ತಕ್ಕೆ ಹಾಕಿದ್ದೀನಿ. ಬಾಣದ ಬಗ್ಗೆ ಯಾರಾದರೂ ಕೇಳಿದರೆ, ನನಗೆ ಸರಿಯಾಗಿ ಕಣ್ಣು ಕಾಣಲ್ಲ.”

ಪುಸ್ತಕ ಅಚ್ಚಾಯಿತು. ಒಂದನೇ ತಾರೀಖಿಗೆ ಎರಡು ದಿನ ಮೊದಲು ಆಜ್ಞೆ ಹೊರಟಿತು: ‘ಗಿರಿಪ್ರದೇಶದಿಂದ ಪ್ರಸವಕ್ಕಾಗಿ ಆಗಮಿಸುವ ತೊರಕೆಗಳ ಹಿತದೃಷ್ಟಿಯಿಂದ’ ಕೊಲ್ಲಿಯಲ್ಲಿ ಮೂರು ತಿಂಗಳು ಎಲ್ಲ ಬಲೆಗಳಿಗೂ ನಿಷೇಧ. ಗುಡ್ಡದ ಕೆರೆಗೂ ಒಬ್ಬ ಕಾವಲುಗಾರನನ್ನು ನೇಮಿಸಿದರು, ಹಿಂತಿರುಗುವ ಬಾಣಂತಿಯರಿಗೆ ತೊಂದರೆಯಾಗದಂತೆ. ಎಳೆಬಲೆಯ ಬೋಟುಗಳು ಕೊಲ್ಲಿಯ ಬಾಯಿಯವರೆಗೆ ಬಂದು, ಹಾರ್ನು ಹೊಡೆದು, ಬೈದು, ತಿರುಗಿ ಹೋದವು. ಸಾಹೇಬರಿಗೆ ಎರಡನೇ ಪದಕದ ಮಾತು ಕೇಳಿಬಂತು.

ಅಳತೆಯಕ್ಕನಿಗೆ ಬಂದದ್ದು ಒಂದು ಲಕೋಟೆ. ಧಕ್ಕೆಗೆ ತೊರಕೆ ಬರುವುದು ನಿಂತಿರುವುದರಿಂದ ಅಳೆಯಲು ತೊರಕೆ ಇರುವುದಿಲ್ಲ, ಅಳೆಯಲು ತೊರಕೆ ಇಲ್ಲದಿರುವುದರಿಂದ ಅಳತೆಗಾರ್ತಿಯ ಅಗತ್ಯವಿರುವುದಿಲ್ಲ, ಆದ್ದರಿಂದ ಇನ್ನು ಮುಂದೆ ಬರಬೇಕಾಗಿಲ್ಲ. ಕೆಳಗೆ ಸಾಹೇಬರ ಸಹಿ. ಎಲ್ಲೂ ತಿದ್ದಿರಲಿಲ್ಲ, ಶುದ್ಧ ದಾಖಲೆ.

“ನನ್ನನ್ನೂ ಹಾಳು ಮಾಡಿದೆ, ನಿನ್ನನ್ನೂ ಹಾಳು ಮಾಡಿಕೊಂಡೆ,” ಎಂದು ಅತ್ತೆ ಬೆಳಿಗ್ಗೆಯಿಂದ ಗೊಣಗುತ್ತಿದ್ದಳು. ಈಗ ಅವಳು ಮೀನಿಗಾಗಿ ಎರಡು ಬಸ್ಸು ಬದಲಿಸಿ ಆಚೆ ಊರಿನ ಧಕ್ಕೆಗೆ ಹೋಗಬೇಕಿತ್ತು. “ಮಂದಿಯ ಹೆರಿಗೆಗೆ ನಾನು ಬುಟ್ಟಿ ಹೊತ್ತು ಬಸ್ಸು ಹತ್ತಬೇಕು. ನಮ್ಮ ಮನೆ ಹೆರಿಗೆಗೂ ಇಷ್ಟು ಓಡಾಡಿರಲಿಲ್ಲ.”

“ಬೈಯಿರಿ ಅತ್ತೆ. ಬೈದರೆ ನನಗೂ ಸಮಾಧಾನ.”

“ನಿನ್ನ ಸಮಾಧಾನಕ್ಕೆ ಬೈತೀನಾ ನಾನು? ನಡಿ, ಬುಟ್ಟಿಯ ಆ ಕಡೆ ಹಿಡಿ.”

ಇಬ್ಬರೂ ಬುಟ್ಟಿ ಹಿಡಿದು ಖಾಲಿ ಧಕ್ಕೆಯ ಮೇಲೆ ಬಸ್ಸಿನ ಕಡೆ ನಡೆಯುತ್ತಿದ್ದಾಗ ಕೊಲ್ಲಿಯ ನಡುವಿನಿಂದ ಒಂದು ತೊರಕೆ ನೀರು ಸೀಳಿ ಮೇಲೆದ್ದಿತು. ಇಡೀ ಮೈ ಗಾಳಿಯಲ್ಲಿ, ಎರಡೂ ರೆಕ್ಕೆ ಅಗಲಕ್ಕೆ, ಹೊಟ್ಟೆಯ ಬಿಳಿ ಬಿಸಿಲಿಗೆ ಥಳ್ಳನೆ ಹೊಳೆದು, ಮತ್ತೆ ಚಟೀರ್ ಎಂದು ನೀರಿಗೆ ಬಿತ್ತು. ಅಲೆ ಬಂದು ಧಕ್ಕೆಯ ಕಲ್ಲಿಗೆ ತಾಗುವವರೆಗೂ ಅಳತೆಯಕ್ಕ ನಿಂತಲ್ಲೇ ನಿಂತಿದ್ದಳು. ಅವಳ ಪಾಲಿಗೆ ತೊರಕೆ ಎಂದರೆ ನಾಲ್ಕು ವರ್ಷದಿಂದ ಅಂಗಾತ ಬಿದ್ದದ್ದು.

“ಎಷ್ಟಿತ್ತೇ ಅದು, ಅಗಲ?” ಎಂದಳು ಅತ್ತೆ.

“ಗೊತ್ತಿಲ್ಲ ಅತ್ತೆ.”

“ಗೊತ್ತಿಲ್ಲ ಅನ್ನೋದನ್ನ ಕಲಿತೆಯಲ್ಲ,” ಎಂದು ಅತ್ತೆ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಹೆಜ್ಜೆ ಬಿರುಸು ಮಾಡಿದಳು. “ಇನ್ನು ಕರೆದರೂ ಆ ಆಫೀಸಿಗೆ ನೀನು ಲಾಯಕ್ಕಿಲ್ಲ. ಬಾ, ಬಸ್ಸು ಹೋಗುತ್ತೆ.”